ವೃಂದಗಾನ ಮತ್ತು ಉಸಿರಿನ ಆರೋಗ್ಯ

ಗಾಯನವು ಕಿವಿಗೆ ಇಂಪನ್ನೂ ಮನಸ್ಸಿಗೆ ನೆಮ್ಮದಿಯನ್ನೂ ನೀಡುವುದೆಂಬುದನ್ನು ಅರಿಯದವರಿಲ್ಲ. ಆದರೆ ಅದು ಶರೀರಕ್ಕೆ ಒಂದು ಶ್ರಮವೂ ಹೌದು, ಉಸಿರಿಗೆ ಒಂದು ವ್ಯಾಯಾಮವೂ ಹೌದು ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಹಲವಾರು ಮಂದಿ ಒಟ್ಟಿಗೆ ನಿಂತು ಹಾಡುವ ಪಾಶ್ಚಾತ್ಯ ಶಾಸ್ತ್ರೀಯ ವೃಂದಗಾನದಲ್ಲಿ ಈ ಮಾತು ಬಹು ಸ್ಪಷ್ಟವಾಗಿ ಕಾಣುತ್ತದೆ. ನಾವು ನೆಲೆಸಿರುವ ಮಹಾನಗರಗಳಿಗೆ ಈ ಗಾನಪದ್ಧತಿ ಹೊಸದಲ್ಲ. ಚೆನ್ನೈಯ ಮದ್ರಾಸ್ ಮ್ಯೂಸಿಕಲ್ ಅಸೋಸಿಯೇಷನ್ 1893ರಷ್ಟು ಹಿಂದೆಯೇ ಹುಟ್ಟಿದ ಸಂಸ್ಥೆ. ಮುಂಬಯಿಯ ಪರಂಜ್ಯೋತಿ ಅಕಾಡೆಮಿ ಕೋರಸ್ ಸಹ ಹೆಸರಾಂತುದು. ಪರಿಚಿತರು ಯಾರಾದರೂ ‘ನೀವೂ ಹಾಡಲು ಬನ್ನಿ’ ಎಂದು ಕರೆದಾಗ, ‘ಈ ವಯಸ್ಸಿನಲ್ಲಿ ನನಗೆ ಅಷ್ಟು ದಮ್ಮೆಲ್ಲಿ?’ ಎಂದು ಹಿಂಜರಿಯುವವರುಂಟು. ಅಂಥವರಿಗಾಗಿ ಈ ನಾಲ್ಕು ಮಾತುಗಳು.

ಒಂದು ಮಹಾಕೃತಿ

ವೃಂದಗಾನದ ಕೃತಿಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಹ್ಯಾಂಡೆಲನ ‘ಮೆಸ್ಸಾಯ’. 1737ರಲ್ಲಿ ಪಾರ್ಶ್ವವಾಯುವಿನಂತಹ ವ್ಯಾಧಿ ಬಡಿದು ಬಲಗೈಯ ಸ್ವಾಧೀನವನ್ನೇ ಕಳೆದುಕೊಂಡಿದ್ದ ಈ ಸಂಗೀತಗಾರ ಚೇತರಿಸಿಕೊಂಡು, 1741ರಲ್ಲಿ, ತನ್ನ 56ನೆಯ ವಯಸ್ಸಿನಲ್ಲಿ, ಕೇವಲ 24 ದಿನಗಳಲ್ಲಿ ಇದನ್ನು ರಚಿಸಿದನು. 1742ರ ಏಪ್ರಿಲ್ 13ರಂದು ಡಬ್ಲಿನ್ ನಗರದಲ್ಲಿ ಅದರ ಪ್ರಥಮ ಪ್ರದರ್ಶನ ನಡೆಯಿತು. ಹೆಚ್ಚು ಜನರಿಗೆ ಸ್ಥಳ ದೊರೆಯಲೆಂದು ಸ್ತ್ರೀಯರು ಬಳೆಕಟ್ಟಿನ ಅಗಲವಾದ ಲಂಗಗಳನ್ನೂ ಪುರುಷರು ಕತ್ತಿಗಳನ್ನೂ ಬಿಟ್ಟು ಬರಬೇಕೆಂದು ಸಂಘಟಕರು ಕೋರಿಕೊಂಡಿದ್ದರಂತೆ! ಬಂದ ಹಣವು ಎರಡು ಆಸ್ಪತ್ರೆಗಳಿಗೂ ಸಾಲಕ್ಕಾಗಿ ಸೆರೆಯಲ್ಲಿದ್ದವರ ಬಿಡುಗಡೆಗೂ ವಿನಿಯೋಗವಾಯಿತು. ಅಂದು ಹಾಡಿದ ವೃಂದ ಚಿಕ್ಕದು. 1784ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನಡೆದ ಹ್ಯಾಂಡೆಲ್ ಸ್ಮರಣೋತ್ಸವದಲ್ಲಾದರೋ ಗಾಯಕರೂ ವಾದಕರೂ ಸೇರಿ 500ಕ್ಕೂ ಹೆಚ್ಚು ಮಂದಿ ಇದ್ದರು.

ನಮ್ಮ ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟುದನ್ನು ಉಳಿದವರು ಅದೇ ಸ್ವರದಲ್ಲಿ ಹಾಡುತ್ತಾರೆ. ವೃಂದಗಾನದಲ್ಲಿ ಹಾಗಲ್ಲ. ಸ್ತ್ರೀಯರಲ್ಲಿ ಎತ್ತರದ ಕಂಠದ ಸೊಪ್ರಾನೊ, ತಗ್ಗಿನ ಆಲ್ಟೊ. ಪುರುಷರಲ್ಲಿ ಎತ್ತರದ ಟೆನರ್, ತಗ್ಗಿನ ಬಾಸ್ ಎಂದು ನಾಲ್ಕು ಪಂಗಡಗಳು. ನಾಲ್ಕಕ್ಕೂ ಬೇರೆ ಬೇರೆ ಸ್ವರಸಾಲು. ಪಕ್ಕದವರು ಬೇರೊಂದನ್ನು ಹಾಡುತ್ತಿದ್ದರೂ ತಪ್ಪದೆ ನಮ್ಮದನ್ನು ನಾವು ಹಾಡಬೇಕು. ಆದರೂ ಅವರದನ್ನು ಆಲಿಸುತ್ತಲೇ ಇರಬೇಕು.

ಉಸಿರಿನ ಹಂಚಿಕೆ

ಸುಮ್ಮನೆ ಕುಳಿತಾಗ ನಾವು ನಿಮಿಷಕ್ಕೆ ಸುಮಾರು 12ರಿಂದ 16 ಬಾರಿ ಉಸಿರಾಡುತ್ತೇವೆ. ಹಾಡುವಾಗ ಈ ಲೆಕ್ಕ ಬದಲಾಗುತ್ತದೆ. ಒಳಗೆಳೆಯುವುದು ಕ್ಷಣಮಾತ್ರ, ಹೊರಬಿಡುವುದು ದೀರ್ಘಕಾಲ. ಭುಜವನ್ನೆತ್ತಿ ಎದೆಯ ಮೇಲ್ಭಾಗದಿಂದ ಉಸಿರೆಳೆದರೆ ಅದು ಬೇಗ ತೀರುತ್ತದೆ. ವಪೆ ಕೆಳಗಿಳಿದು, ಪಕ್ಕೆಲುಬುಗಳು ಅರಳುವಂತೆ ಉಸಿರೆಳೆದು, ಮಿತವಾಗಿ ಬಿಡುವುದನ್ನು ಗಾಯಕನು ಕಲಿಯಬೇಕು. ಪಾಶ್ಚಾತ್ಯ ವಾದ್ಯಗಳು ಶ್ರುತಿಗೂಡಿಸುವ ಸ್ವರವನ್ನು ಹಾಡುವಾಗ ಸ್ತ್ರೀಯರ ಧ್ವನಿತಂತುಗಳು ಸೆಕೆಂಡಿಗೆ 440 ಬಾರಿ ತೆರೆದು ಮುಚ್ಚುತ್ತವೆ. ಉಸಿರಿನ ಆಸರೆಯಿಲ್ಲದೆ ಗಂಟಲನ್ನೇ ಬಿಗಿದು ಹಾಡಿದರೆ ಅವು ಊದಿಕೊಳ್ಳುವುದರಲ್ಲಿ ಆಶ್ಚರ್ಯವೇನು?

‘ಮೆಸ್ಸಾಯ’ದ ಕೆಲವು ಸ್ವರಮಾಲೆಗಳು ಬಹು ದೀರ್ಘವಾದವು. ಅಲ್ಲಿ ವೃಂದವು ಒಂದು ಉಪಾಯವನ್ನು ಬಳಸುತ್ತದೆ. ಎಲ್ಲರೂ ಒಮ್ಮೆಲೇ ಉಸಿರೆಳೆಯದೆ ಸರದಿಯಂತೆ ಎಳೆಯುತ್ತಾರೆ. ಉಸಿರು ಮುಗಿಯುತ್ತ ಬಂದವರು ಮೆಲ್ಲನೆ ದನಿ ತಗ್ಗಿಸಿ ನಿಲ್ಲಿಸುತ್ತಾರೆ, ಉಸಿರೆಳೆದು ಮೆಲ್ಲನೆ ಮತ್ತೆ ಸೇರಿಕೊಳ್ಳುತ್ತಾರೆ. ಅಷ್ಟು ಹೊತ್ತು ಪಕ್ಕದವರ ದನಿಯು ಸ್ವರವನ್ನು ಹಿಡಿದಿರುತ್ತದೆ. ಕೇಳುವವರಿಗೆ ಎಲ್ಲಿಯೂ ಕಡಿತ ತೋರದು.

ಲಾಭವೂ ಅಪಾಯವೂ

ಉಸಿರನ್ನು ಹೊರಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುವುದು ದೇಹಧರ್ಮ. 2013ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾನಿಲಯದ ಸಂಶೋಧಕರು ಹದಿನೆಂಟು ವರ್ಷದ ತರುಣ ತರುಣಿಯರನ್ನು ಒಟ್ಟಿಗೆ ಹಾಡಿಸಿ ನೋಡಿದಾಗ, ಅವರ ಹೃದಯಗಳ ಬಡಿತ ಜೊತೆಜೊತೆಯಾಗಿ ಏರಿಳಿಯುವುದು ಕಂಡುಬಂದಿತು. ಇದರಿಂದ ಹೃದ್ರೋಗವೇ ಗುಣವಾಗುವುದೆಂದು ಭ್ರಮಿಸಬಾರದು. ಹಾಡುವಿಕೆಯು ಔಷಧಕ್ಕೆ ಪೂರಕವಾದೀತೇ ಹೊರತು ಬದಲಿಯಾಗದು.

ಇನ್ನೊಂದು ಮುಖವನ್ನೂ ಮರೆಮಾಚಲಾಗದು. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ವೃಂದದ 61 ಮಂದಿ ಎರಡೂವರೆ ಗಂಟೆ ಅಭ್ಯಾಸಕ್ಕಾಗಿ ಸೇರಿದ್ದರು. ಅವರಲ್ಲಿ ಒಬ್ಬರಿಗೆ ನೆಗಡಿಯಂತಹ ಲಕ್ಷಣಗಳಿದ್ದವು. ಬಳಿಕ 53 ಮಂದಿಗೆ ಕೋವಿಡ್ ತಗುಲಿದುದು ದೃಢಪಟ್ಟಿತು ಅಥವಾ ತಗುಲಿರುವ ಸಂಭವ ಕಂಡುಬಂದಿತು, ಇಬ್ಬರು ತೀರಿಕೊಂಡರು. ಒಟ್ಟಾಗಿ ಹಾಡುವಾಗ ನಾವು ಸ್ವರವನ್ನಷ್ಟೇ ಅಲ್ಲ, ಗಾಳಿಯನ್ನೂ ಹಂಚಿಕೊಳ್ಳುತ್ತೇವೆ ಎಂಬ ಕಟುಸತ್ಯವನ್ನು ಆ ಘಟನೆ ಜಗತ್ತಿಗೆ ತಿಳಿಸಿತು.

ಕೆಲವು ಸೂಚನೆಗಳು

ಜ್ವರ, ಕೆಮ್ಮು, ನೆಗಡಿ ಇದ್ದ ದಿನ ಅಭ್ಯಾಸಕ್ಕೆ ಹೋಗಬಾರದು. ಇದು ಸಂಕೋಚದ ವಿಷಯವಲ್ಲ, ಸಹಗಾಯಕರಿಗೆ ಸಲ್ಲಿಸುವ ಸೇವೆ. ಕಿಟಕಿಗಳು ತೆರೆದಿರುವ ವಿಶಾಲವಾದ ಕೋಣೆಯೇ ಲೇಸು. ಮಂದ್ರ ದನಿಯಲ್ಲಿ ಆರಂಭಿಸಿ ಕ್ರಮವಾಗಿ ಮೇಲೇರಬೇಕು. ನಡುನಡುವೆ ನೀರು ಕುಡಿಯಬೇಕು. ಬಹುಹೊತ್ತು ನಿಲ್ಲುವಾಗ ಮಂಡಿಗಳನ್ನು ಬಿಗಿಯಾಗಿ ಸೆಟೆಸಬಾರದು. ಹಾಗೆ ನಿಂತವರು ತಲೆಸುತ್ತಿ ಬೀಳುವುದುಂಟು. ಆಯಾಸವಾದರೆ ಕುಳಿತು ಹಾಡಲು ನಾಚಿಕೆ ಬೇಡ. ಉಬ್ಬಸ, ಹೃದ್ರೋಗ ಉಳ್ಳವರು ಮೊದಲೇ ವೈದ್ಯರನ್ನು ಕೇಳಿಕೊಳ್ಳಬೇಕು. ಗಂಟಲು ಒಡೆದು ಮೂರು ವಾರ ಮೀರಿಯೂ ಸರಿಹೋಗದಿದ್ದರೆ ಕಷಾಯವನ್ನೇ ನಂಬಿ ಕೂರದೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸುವುದು ಅವಶ್ಯ.

‘ನನಗೆ ಅಷ್ಟು ದಮ್ಮೆಲ್ಲಿ?’ ಎಂಬ ಪ್ರಶ್ನೆಗೆ ಈಗ ಉತ್ತರಿಸಬಹುದು. ವೃಂದಗಾನದಲ್ಲಿ ಯಾರೊಬ್ಬರಿಗೂ ಅಷ್ಟು ದಮ್ಮಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ನಮ್ಮ ಉಸಿರು ನಿಂತೆಡೆ ಪಕ್ಕದವರದು ಮುಂದುವರಿಯುತ್ತದೆ, ಅವರದು ನಿಂತೆಡೆ ನಮ್ಮದು. ಊರು ಬಿಟ್ಟು ಬಂದು ಪರಸ್ಪರ ಆಸರೆಯಿಂದ ಬಾಳುತ್ತಿರುವ ನಮಗೆ ಈ ಪಾಠ ಅಪರಿಚಿತವೇನೂ ಅಲ್ಲ.