ಕಾರ್ಖಾನೆ ನಿಂತಾಗ ಶುರುವಾಗುವ ಕೆಲಸ

ಉಮರ್ಗಾ ತಾಲೂಕಿನ ಮುರುಮ್, ನಿಲಂಗಾ ತಾಲೂಕಿನ ಅಂಬುಲಗಾ, ಉದಗೀರ ತಾಲೂಕಿನ ತೊಂಡಾರ. ಮಹಾರಾಷ್ಟ್ರದ ಗಡಿ ದಾಟಿ ಈಚೆ ಬಂದರೆ ಭಾಲ್ಕಿ ಕಡೆಯ ಹುಣಜಿ, ಹುಮನಾಬಾದ್ ಕಡೆಯ ಹಳ್ಳಿಖೇಡ. ಇವೆಲ್ಲ ಸಕ್ಕರೆ ಕಾರ್ಖಾನೆಯ ಊರುಗಳು. ನಿಲಂಗಾ, ಉದಗೀರ 1956ರ ತನಕ ಬೀದರ್ ಜಿಲ್ಲೆಯಲ್ಲೇ ಇದ್ದವು. ಗಡಿ ಆಮೇಲೆ ಬಂತು, ಕೆಲಸಗಾರರ ಓಡಾಟ ನಿಲ್ಲಲಿಲ್ಲ. ಕಬ್ಬು ನುರಿಸುವ ಹಂಗಾಮು ದೀಪಾವಳಿಯ ಆಸುಪಾಸು ಶುರುವಾಗಿ ಮಾರ್ಚ್, ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ. ಚಿಮಣಿಯ ಹೊಗೆ ನಿಂತು ಉಳಿದವರು ಗಂಟು ಕಟ್ಟುವಾಗ ಬಾಯ್ಲರ್ ದುರಸ್ತಿ ಕೆಲಸದವರು ಬರುತ್ತಾರೆ. ಮರಾಠವಾಡದ ಕಡು ಬೇಸಿಗೆಯೇ ಇವರ ಸುಗ್ಗಿ.

ಒಂದು ಟನ್ ಕಬ್ಬು ನುರಿಸಿದರೆ ಸುಮಾರು 280ರಿಂದ 300 ಕೆ.ಜಿ. ಸಿಪ್ಪೆ ಉಳಿಯುತ್ತದೆ. ಅದೇ ಬಗಾಸ್, ಅದರಲ್ಲಿ ಅರ್ಧ ನೀರೇ. ಆ ಹಸಿ ಸಿಪ್ಪೆಯನ್ನೇ ಉರಿಸಿ ಹಬೆ ಎಬ್ಬಿಸಬೇಕು. ಆ ಹಬೆ ಮೊದಲು ಟರ್ಬೈನ್ ತಿರುಗಿಸುತ್ತದೆ, ಆಮೇಲೆ ರಸ ಕುದಿಸುತ್ತದೆ. ಸಾಮಾನ್ಯವಾಗಿ ಬಾಯ್ಲರಿನಲ್ಲಿ ಮೇಲೊಂದು, ಕೆಳಗೊಂದು ದಪ್ಪ ಉಕ್ಕಿನ ಡ್ರಮ್. ನಡುವೆ ಸಾಲುಸಾಲು ಟ್ಯೂಬುಗಳು. ಟ್ಯೂಬಿನ ಒಳಗೆ ನೀರು, ಹೊರಗೆ ಬೆಂಕಿ. ಹಳೆಯ ಬಾಯ್ಲರುಗಳು ಚದರ ಸೆಂ.ಮೀ.ಗೆ 21 ಇಲ್ಲವೆ 32 ಕೆ.ಜಿ. ಒತ್ತಡದಲ್ಲಿ ನಡೆಯುತ್ತಿದ್ದವು. ವಿದ್ಯುತ್ ಮಾರುವ ಈಗಿನ ಕಾರ್ಖಾನೆಗಳು 67, 87, 110ಕ್ಕೂ ಹೋಗಿವೆ. 45 ಕೆ.ಜಿ. ಒತ್ತಡದಲ್ಲಿ ನೀರು ಕುದಿಯಲು ಸುಮಾರು 260 ಡಿಗ್ರಿ ಬೇಕು. ಲೋಹ ಒಡೆದು ಒತ್ತಡ ಒಮ್ಮೆಲೆ ಇಳಿದರೆ ಆ ಕಾದ ನೀರಿನ ಒಂದು ಪಾಲು ಅದೇ ಕ್ಷಣ ಹಬೆಯಾಗುತ್ತದೆ. ಹೊರಗಿನ ಗಾಳಿಯಲ್ಲಿ ಹಬೆಗೆ ನೀರಿಗಿಂತ ಸುಮಾರು 1,600 ಪಟ್ಟು ಜಾಗ ಬೇಕು. ಬಾಯ್ಲರ್ ಸಿಡಿಯುವುದು ಅಂದರೆ ಇದು.

ಟ್ಯೂಬು ಹಾಳಾಗುವುದಕ್ಕೆ ಒತ್ತಡವೇ ಕಾರಣ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಕಾರಣ ಮಣ್ಣು ಮತ್ತು ನೀರು. ಕಬ್ಬಿನೊಂದಿಗೆ ಹೊಲದ ಮಣ್ಣು, ಮರಳು ಬರುತ್ತದೆ. ಬಗಾಸಿನ ಜೊತೆ ಕುಲುಮೆ ಸೇರಿ, ಬೂದಿಯೊಂದಿಗೆ ಹಾರಿ, ಟ್ಯೂಬಿನ ಹೊರಮೈಯನ್ನು ಹಂಗಾಮು ಪೂರ್ತಿ ಉಜ್ಜುತ್ತದೆ. ಬಿಸಿಗಾಳಿ ತಿರುಗುವ ಮೂಲೆಗಳಲ್ಲಿ ಸವೆತ ಜಾಸ್ತಿ. ಒಳಗಡೆ ಗಡಸು ನೀರು ಗಾರೆಯಂತೆ ಪದರ ಕಟ್ಟುತ್ತದೆ. ಆ ಪದರ ಶಾಖವನ್ನು ನೀರಿಗೆ ದಾಟಗೊಡದೆ ಲೋಹ ಕೆಂಪಗೆ ಕಾದು ಉಬ್ಬುತ್ತದೆ. ಸಕ್ಕರೆ ಕಾರ್ಖಾನೆಗೆ ಇನ್ನೊಂದು ಶತ್ರು ಇದೆ, ಅದು ಸಕ್ಕರೆಯೇ. ರಸ ಕುದಿಸಿದ ಹಬೆ ತಣಿದು ನೀರಾಗಿ ಬಾಯ್ಲರಿಗೆ ಮರಳುವಾಗ ಅದರಲ್ಲಿ ರಸ ಬೆರೆತಿದ್ದರೆ, ಡ್ರಮ್ಮಿನಲ್ಲಿ ನೊರೆ ಏಳುತ್ತದೆ, ನೀರು ಆಮ್ಲವಾಗುತ್ತದೆ, ಟ್ಯೂಬಿನೊಳಗೆ ಕರಿ ಹಿಡಿಯುತ್ತದೆ. ಅದಕ್ಕೇ ಲ್ಯಾಬಿನ ಹುಡುಗ ಪಾಳಿ ಪೂರ್ತಿ ಆ ನೀರನ್ನು ನಳಿಕೆಯಲ್ಲಿ ಹಿಡಿದು ಆಲ್ಫಾ ನ್ಯಾಫ್ತಾಲ್ ಹನಿ ಹಾಕಿ, ಗಂಧಕಾಮ್ಲವನ್ನು ಮೆಲ್ಲಗೆ ಬಿಡುತ್ತಾನೆ. ನೇರಳೆ ಉಂಗುರ ಮೂಡಿತೋ, ಆ ನೀರನ್ನು ಬಾಯ್ಲರಿಗೆ ಬಿಡುವಂತಿಲ್ಲ. ಈ ಉಂಗುರವನ್ನು ಕಂಡೂ ಕಾಣದಂತಿದ್ದ ಪಾಳಿಯ ಲೆಕ್ಕ ಬೇಸಿಗೆಯಲ್ಲಿ ಟ್ಯೂಬಿನೊಳಗೆ ಸಿಗುತ್ತದೆ.

ಬಾಯ್ಲರ್ ತಣಿದ ಮೇಲೆ ಮೊದಲ ಕೆಲಸ ಅದನ್ನು ಬೇರೆ ಮಾಡುವುದು. ಒಂದೇ ಹಬೆ ಕೊಳವೆಗೆ ಎರಡು ಮೂರು ಬಾಯ್ಲರ್ ಜೋಡಿಸಿರುತ್ತಾರೆ. ಪಕ್ಕದ್ದು ನಡೆಯುತ್ತಿದ್ದರೆ ಬರೀ ವಾಲ್ವ್ ಮುಚ್ಚಿದರೆ ಸಾಲದು, ನಡುವೆ ಕೊಳವೆಯನ್ನು ಪೂರ್ತಿ ಮುಚ್ಚುವ ಕುರುಡು ತಗಡು ಹಾಕಲೇಬೇಕು. ಹಾಗೆ ಬೇರೆ ಮಾಡದೆ ಮನುಷ್ಯನನ್ನು ಒಳಗಿಳಿಸುವುದು ಕಾನೂನಿನಲ್ಲಿ ಅಪರಾಧ. ಒಳಗೆ ಬೆಳಕಿಗೆ 24 ವೋಲ್ಟ್ ದೀಪವೇ ಇರಬೇಕು. ಒದ್ದೆ ಉಕ್ಕಿನ ಡ್ರಮ್ಮಿನಲ್ಲಿ 230 ವೋಲ್ಟ್ ತಗುಲಿದರೆ ಉಳಿಗಾಲವಿಲ್ಲ. ಡ್ರಮ್ಮಿನ ಬಾಗಿಲು ಮೊಟ್ಟೆಯಾಕಾರದ ಒಂದು ರಂಧ್ರ, ಭುಜ ಓರೆ ಮಾಡಿ ತೂರಬೇಕು. ಆ ಆಕಾರಕ್ಕೂ ಕಾರಣವಿದೆ. ಮುಚ್ಚಳವನ್ನು ಓರೆಯಾಗಿ ಒಳಕ್ಕೆ ಹಾಕಿ, ತಿರುಗಿಸಿ, ಒಳಗಿನಿಂದಲೇ ಕೂರಿಸುತ್ತಾರೆ. ಹಬೆಯ ಒತ್ತಡ ಅದನ್ನು ಇನ್ನೂ ಬಿಗಿಯಾಗಿ ಅದುಮುತ್ತದೆ. ಗುಂಡಗಿದ್ದರೆ ಮುಚ್ಚಳ ಒಳಗೇ ಹೋಗುತ್ತಿರಲಿಲ್ಲ.

ಈ ಕಸುಬಿನ ನಿಜವಾದ ಪರೀಕ್ಷೆ ಟ್ಯೂಬ್ ಬದಲಿಸುವುದು. ಇಂಥ ಬಾಯ್ಲರಿನಲ್ಲಿ ಎರಡು ಡ್ರಮ್ಮಿನ ನಡುವಿನ ಟ್ಯೂಬುಗಳನ್ನು ಡ್ರಮ್ಮಿಗೆ ಬೆಸುಗೆ ಹಾಕಿರುವುದಿಲ್ಲ, ರಂಧ್ರದೊಳಗೇ ಅರಳಿಸಿ ಕೂರಿಸಿರುತ್ತಾರೆ. ಹಳೆ ಟ್ಯೂಬನ್ನು ಗ್ಯಾಸಿನಿಂದ ಕತ್ತರಿಸಿ, ರಂಧ್ರದಲ್ಲಿ ಉಳಿದ ತುಂಡನ್ನು ಚಿಸಲ್ಲಿನಿಂದ ಒಳಕ್ಕೆ ಮಡಚಿ ಎಳೆಯುತ್ತಾರೆ. ಇಲ್ಲಿ ಅವಸರ ಮಾಡಿದವನು ಕೆಟ್ಟ. ರಂಧ್ರದ ಉದ್ದಕ್ಕೆ ಒಂದು ಗೀರು ಬಿದ್ದರೂ ಹಬೆಗೆ ಅದೇ ದಾರಿ. ರಂಧ್ರವನ್ನು ಎಮರಿಯಿಂದ ಹೊಳೆಯುವಷ್ಟು ತಿಕ್ಕಿ, ಹೊಸ ಟ್ಯೂಬಿನ ತುದಿಯನ್ನೂ ತಿಕ್ಕಿ, ಡ್ರಮ್ಮಿನೊಳಗೆ ಸ್ವಲ್ಪ ಇಣುಕುವಂತೆ ಕೂರಿಸುತ್ತಾರೆ. ಆಮೇಲೆ ಎಕ್ಸ್‌ಪಾಂಡರ್. ಮೂರು ಉರುಳೆ, ನಡುವೆ ಮೊನಚಾಗುತ್ತ ಹೋಗುವ ಒಂದು ಕಂಬಿ. ಕಂಬಿ ತಿರುಗುತ್ತ ಒಳಸರಿದಂತೆ ಉರುಳೆಗಳು ಟ್ಯೂಬನ್ನು ಹೊರಕ್ಕೆ ಒತ್ತುತ್ತವೆ. ಸಾಮಾನ್ಯವಾಗಿ ಟ್ಯೂಬಿನ ಗೋಡೆ ಶೇ. 5ರಿಂದ 8ರಷ್ಟು ತೆಳುವಾದಾಗ ಬಿಗಿ ಸರಿಯಾಗುತ್ತದೆ. ಕಡಿಮೆಯಾದರೆ ಸೋರುತ್ತದೆ. ಹೆಚ್ಚಾದರೆ ಗೋಡೆ ಸೊರಗುತ್ತದೆ, ಪಕ್ಕದ ಟ್ಯೂಬಿನ ಹಿಡಿತವೂ ಸಡಿಲಾಗುತ್ತದೆ. ಅಳೆಯಲು ಗೇಜ್ ಇದೆ. ಆದರೆ ಪಳಗಿದವರು ಹಿಡಿಕೆ ಬಿಗಿಯಾಗುವ ರೀತಿಯಲ್ಲೇ ಅರಿಯುತ್ತಾರೆ. ವೆಲ್ಡಿಂಗಿಗೆ ಇರುವ ಹೆಸರು ಈ ಕೆಲಸಕ್ಕಿಲ್ಲ, ಕಲಿಸುವ ಶಾಲೆಯೂ ಕಡಿಮೆ. ನನ್ನ ಮಟ್ಟಿಗೆ ಇದೇ ಹೆಚ್ಚು ಕಷ್ಟದ್ದು.

ಕೊನೆಗೆ ಒಂದು ಗುಂಡನ್ನು ಪ್ರತಿ ಟ್ಯೂಬಿನೊಳಗೂ ಹಾಯಿಸಿ ನೋಡುತ್ತಾರೆ. ಮರೆತುಹೋದ ಬಟ್ಟೆಚೂರು, ವೆಲ್ಡಿಂಗ್ ಗಂಟು ಎಲ್ಲ ಸಿಗುತ್ತವೆ. ಆಮೇಲೆ ನೀರಿನ ಪರೀಕ್ಷೆ: ಬಾಯ್ಲರ್ ತುಂಬ ನೀರು ತುಂಬಿ, ಕೆಲಸದ ಒತ್ತಡಕ್ಕಿಂತ ಮೇಲೆ ಪಂಪಿನಿಂದ ಏರಿಸುತ್ತಾರೆ. ಹೊಸ ಬಾಯ್ಲರಿಗೆ ಅದು ಒಂದೂವರೆ ಪಟ್ಟು. ಗಾಳಿ ಬಿಟ್ಟು ನೀರೇ ಏಕೆ? ನೀರು ಹೆಚ್ಚು ಕುಗ್ಗುವುದಿಲ್ಲ. ಎಲ್ಲಾದರೂ ಸೀಳಿದರೆ ಒತ್ತಡಮಾಪಕದ ಮುಳ್ಳು ಕೆಳಗಿಳಿಯುತ್ತದೆ, ಸಿಡಿತ ಇಲ್ಲ.

ಇದನ್ನು ನೋಡಲು ಸರ್ಕಾರದ ಇನ್‌ಸ್ಪೆಕ್ಟರ್ ಬರುತ್ತಾರೆ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದು ಜನ ಸತ್ತ ಮೇಲೆ ನಮ್ಮಲ್ಲಿ ಕಾನೂನಿನ ಮಾತು ಶುರುವಾಯಿತು. ದೇಶಕ್ಕೆಲ್ಲ ಒಂದು ಕಾಯ್ದೆ ಬಂದದ್ದು 1923ರಲ್ಲಿ, ಅದರಡಿ ತಾಂತ್ರಿಕ ನಿಯಮಗಳು 1950ರಲ್ಲಿ. 2025ರಲ್ಲಿ ಹೊಸ ಕಾಯ್ದೆ ಬಂದಿದೆ. ಒಳಗಿಳಿದು ದುಡಿಯುವವರ ಸುರಕ್ಷೆ, ಅರ್ಹರಿಂದಲೇ ದುರಸ್ತಿ ಎಂಬ ಎರಡು ಮಾತು ಅದರಲ್ಲಿ ಸ್ಪಷ್ಟವಾಗಿವೆ. ಉಮರ್ಗಾ, ಉದಗೀರದ ಬಾಯ್ಲರಿಗೆ ಮಹಾರಾಷ್ಟ್ರದ ಸ್ಟೀಮ್ ಬಾಯ್ಲರ್ ನಿರ್ದೇಶನಾಲಯ, ಭಾಲ್ಕಿಯದಕ್ಕೆ ಕರ್ನಾಟಕದ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆ.

ಈ ಕೆಲಸಕ್ಕೆ ಸೇರಬೇಕೆನ್ನುವ ಹುಡುಗರಿಗೆ ಒಂದು ದಾರಿ ಐಟಿಐ. ಫಿಟರ್ ಎರಡು ವರ್ಷ, ವೆಲ್ಡರ್ ಒಂದು ವರ್ಷ. ಬಾಯ್ಲರಿನ ಒತ್ತಡದ ಭಾಗಕ್ಕೆ ಬೆಸುಗೆ ಹಾಕಲು ಬೇರೆ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆಯಬೇಕು. ಓರೆಯಾಗಿ, ಅಲುಗದಂತೆ ನಿಲ್ಲಿಸಿದ ಕೊಳವೆಯ ಸುತ್ತ, ಕೊಳವೆ ತಿರುಗಿಸದೆ ಬೆಸೆಯಬೇಕು. ಆಮೇಲೆ ಆ ಬೆಸುಗೆಯನ್ನು ಎಕ್ಸ್‌ರೇ ಹಿಡಿದೋ, ಬಗ್ಗಿಸಿಯೋ ನೋಡುತ್ತಾರೆ. ಬಾಯ್ಲರ್ ನಡೆಸುವುದು ಬೇರೆಯೇ ಕಸುಬು. ಅದಕ್ಕೆ ಅಟೆಂಡೆಂಟ್ ಪರೀಕ್ಷೆ, ಎರಡನೇ ದರ್ಜೆ, ಮೊದಲ ದರ್ಜೆ ಎಂದು. ದುರಸ್ತಿ ಕೆಲಸವನ್ನು ಸಾಮಾನ್ಯವಾಗಿ ಕಂತ್ರಾಟುದಾರನ ತಂಡದಲ್ಲಿ ಖಲಾಸಿಯಾಗಿ, ಸರಪಳಿ ಎಳೆಯುತ್ತ, ಉಸ್ತಾದನ ಕೈಕೆಳಗೆ ಕಲಿಯುವುದು. ಅನುಭವದ ಪತ್ರವನ್ನು ಕಂತ್ರಾಟುದಾರನಿಂದ ಪ್ರತಿ ಬೇಸಿಗೆಯೂ ಬರೆಸಿ ಇಟ್ಟುಕೊಳ್ಳಿ. ಹತ್ತು ವರ್ಷ ದುಡಿದೂ ಕಾಗದವಿಲ್ಲದವನು ಪರೀಕ್ಷೆಗೆ ಕೂರುವಾಗ ಹೊಸಬನೇ.

ದಸರಾ ಹೊತ್ತಿಗೆ ಬಾಯ್ಲರ್ ಪ್ರದೀಪನ, ಅಂದರೆ ಬೆಂಕಿ ಹಚ್ಚುವ ಪೂಜೆ. ಕಾರ್ಖಾನೆಯ ಅಧ್ಯಕ್ಷರು, ಪೂಜಾರಿ, ಹೂಹಾರ ಎಲ್ಲ ಇರುತ್ತದೆ. ಅಂದು ಹಚ್ಚಿದ ಕಟ್ಟಿಗೆಯ ಸಣ್ಣ ಬೆಂಕಿಗೆ ತಾಂತ್ರಿಕ ಕೆಲಸವೂ ಉಂಟು. ಬೇಸಿಗೆಯಲ್ಲಿ ಹೊಸದಾಗಿ ಕಟ್ಟಿದ ಬೆಂಕಿ ಇಟ್ಟಿಗೆ, ಗಾರೆ ಮೆಲ್ಲಗೆ ಒಣಗಬೇಕು. ಒಮ್ಮೆಲೆ ದೊಡ್ಡ ಬೆಂಕಿ ಕೊಟ್ಟರೆ ಒಳಗಿನ ತೇವ ಹಬೆಯಾಗಿ ಇಟ್ಟಿಗೆ ಸಿಡಿಯುತ್ತದೆ.

ಇಷ್ಟಾದರೂ ಜನವರಿಯಲ್ಲಿ ಒಂದು ಟ್ಯೂಬ್ ಸೋರಬಹುದು. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಒಳಗೆ ಬಾಯ್ಲರ್ ತಣಿಯಲು ಕಾಯುವ ತಂಡ. ಪೂರಾ ಬದಲಿಸಲು ಹೊತ್ತಿಲ್ಲದಾಗ ಆ ಟ್ಯೂಬಿನ ಮೇಲಿನ, ಕೆಳಗಿನ ಎರಡೂ ಬಾಯಿಗೆ ಪ್ಲಗ್ ಹೊಡೆದು ಬಾಯ್ಲರನ್ನು ಮತ್ತೆ ಹೊತ್ತಿಸುತ್ತಾರೆ. ಯಾವ ಸಾಲಿನ ಎಷ್ಟನೆಯ ಟ್ಯೂಬ್ ಎಂದು ರಿಜಿಸ್ಟರಿನಲ್ಲಿ ಬರೆದಿಡುತ್ತಾರೆ. ಮೇ ತಿಂಗಳಲ್ಲಿ ಮೊದಲು ತೆಗೆಯುವುದು ಅದನ್ನೇ.