ಹೊಳೆ ದಂಡೆಯ ಮರಕ್ಕೂ ಬಾಯಾರಿಕೆ



ಊರಿನಿಂದ ಅಮ್ಮ ಬಂದಿದ್ದಾಗ ಅವರನ್ನು ದಕ್ಷಿಣ ಅರಿಜೋನಾದ ಸ್ಯಾನ್ ಪೆಡ್ರೊ ನದಿಗೆ ಕರೆದುಕೊಂಡು ಹೋಗಿದ್ದೆವು. ಫೀನಿಕ್ಸ್‌ನಿಂದ ದಾರಿಯುದ್ದಕ್ಕೂ ಕಳ್ಳಿ, ಕಲ್ಲು ನೋಡಿ ಬೇಸತ್ತಿದ್ದ ಅಮ್ಮನಿಗೆ ದೂರದಲ್ಲಿ ಹಸಿರು ಸಾಲು ಕಂಡಿದ್ದೇ ಜೀವ ಬಂದಂತಾಯಿತು. ಕಾಟನ್‌ವುಡ್ ಮರದ ಕೆಳಗೆ ನಿಂತು, "ನೋಡೋ, ಥೇಟ್ ಅರಳಿ ಎಲೆ ಹಾಗೇ ಅಲ್ಲಾಡ್ತಿದೆ" ಅಂದರು. ಸ್ವಲ್ಪ ಆಚೆ ಮುಳ್ಳಿನ ಮೆಸ್ಕೀಟ್ ಗಿಡ ಕಂಡಾಗ "ಇದು ನಮ್ಮ ಬಳ್ಳಾರಿ ಜಾಲಿ ಅಲ್ವಾ?" ಎಂದು ಕೇಳಿದರು. ಹೆಚ್ಚುಕಮ್ಮಿ ಸರಿಯೇ! ಬಳ್ಳಾರಿ ಜಾಲಿ 19ನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ಭಾರತಕ್ಕೆ ಬಂದದ್ದು. ಇಲ್ಲಿನ ಮೆಸ್ಕೀಟ್ ಅದರ ಹತ್ತಿರದ ನೆಂಟ.

ಒಂದು ದೊಡ್ಡ ಕಾಟನ್‌ವುಡ್ ಮರದ ತುದಿಯ ಕೊಂಬೆಗಳು ಮಾತ್ರ ಒಣಗಿದ್ದವು, ಉಳಿದ ಭಾಗ ಹಸಿರಾಗಿತ್ತು. "ಇದಕ್ಕೇನು ರೋಗ?" ಎಂದರು ಅಮ್ಮ. ರೋಗವೇ ಆಗಬೇಕಿಲ್ಲ, ಬಾಯಾರಿಕೆಯಿಂದಲೂ ಹೀಗಾಗುತ್ತದೆ. ಹೊಳೆ ಪಕ್ಕದ ಮರಕ್ಕೆ ಬಾಯಾರಿಕೆಯೇ? ಅದನ್ನು ಸ್ವಲ್ಪ ವಿವರಿಸೋಣ ಎಂದು ಈ ಲೇಖನ.

ಕಾಟನ್‌ವುಡ್ ಮತ್ತು ವಿಲ್ಲೋ ಮರಗಳು ಮುಖ್ಯವಾಗಿ ನಂಬಿರುವುದು ಹೊಳೆಯ ಕೆಳಗಿನ, ಅಕ್ಕಪಕ್ಕದ ಅಂತರ್ಜಲವನ್ನು. ಅದು ಸಾಮಾನ್ಯವಾಗಿ 3 ಮೀಟರ್ ಆಳದೊಳಗೆ ಸಿಕ್ಕರೆ ಅವು ಚೆನ್ನಾಗಿ ಬೆಳೆಯುತ್ತವೆ. ಸುತ್ತ ಮರಳುಗಾಡಾದರೂ ಇವು ಒಂಟೆಯಂತಲ್ಲ, ಎಮ್ಮೆಯಂತೆ. ನೀರು ಧಾರಾಳವಾಗಿ ಬೇಕು. ಎಲೆಗಳಿಂದ ನೀರಾವಿ ಬಿಡುತ್ತಾ ಮೈ ತಂಪು ಮಾಡಿಕೊಂಡೇ ಇಲ್ಲಿನ ಬಿಸಿಲನ್ನು ತಡೆದುಕೊಳ್ಳುತ್ತವೆ.

ಅಂತರ್ಜಲ ಕೆಳಗಿಳಿದಾಗ ಮರ ಮೊದಲು ಎಲೆಗಳ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ ನಿಜ, ಆದರೆ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದೂ ಕಡಿಮೆಯಾಗಿ ಆಹಾರ ತಯಾರಿಕೆ ಕುಂಠಿತವಾಗುತ್ತದೆ. ಜೊತೆಗೆ ತಂಪು ಮಾಡುವ ವ್ಯವಸ್ಥೆಯೂ ನಿಂತು ಎಲೆ ಕಾಯುತ್ತದೆ. ಜೂನ್ ತಿಂಗಳಲ್ಲಿ ಮನೆಯ ಏಸಿ ಕೆಟ್ಟರೆ ಏನಾಗುತ್ತದೆಂದು ನಮಗೆಲ್ಲ ಗೊತ್ತೇ ಇದೆ!

ಬರ ಇನ್ನೂ ಹೆಚ್ಚಾದರೆ ಅಪಾಯ ಕಾಂಡದೊಳಗೆ. ಬೇರಿನಿಂದ ಎಲೆಯವರೆಗೆ ಸಣ್ಣ ಕೊಳವೆಗಳಲ್ಲಿ ನೀರು ಒಂದೇ ಎಳೆಯಾಗಿ ಮೇಲೇರುತ್ತದೆ. ಎಳೆತ ಅತಿಯಾದರೆ ಕೊಳವೆಯೊಳಗೆ ಗಾಳಿಗುಳ್ಳೆ ಸೇರಿ ಎಳೆ ತುಂಡಾಗುತ್ತದೆ. ಕಾಟನ್‌ವುಡ್ ಈ ವಿಷಯದಲ್ಲಿ ಬಹಳ ನಾಜೂಕು. ಆಗ ಅದು ಎಲೆ ಉದುರಿಸುತ್ತದೆ, ನಂತರ ಕೆಲವು ಕೊಂಬೆಗಳನ್ನೇ ಒಣಗಲು ಬಿಡುತ್ತದೆ. ಇದ್ದ ನೀರು ಉಳಿದ ಕೊಂಬೆಗಳಿಗೆ ಸಾಕಾಗುತ್ತದೆ. ಕೆಲವು ಕೊಂಬೆ ಬಿಟ್ಟುಕೊಟ್ಟು ಮರ ಜೀವ ಉಳಿಸಿಕೊಳ್ಳುತ್ತದೆ.

ಮೆಸ್ಕೀಟ್‌ನ ದಾರಿ ಬೇರೆ, ಅದು ನೀರನ್ನು ಹುಡುಕಿಕೊಂಡು ಕೆಳಗೆ ಹೋಗುತ್ತದೆ. ಟ್ಯೂಸಾನ್ ಬಳಿಯ ಗಣಿಯೊಂದರಲ್ಲಿ ಮೆಸ್ಕೀಟ್ ಬೇರು 53 ಮೀಟರ್ ಆಳದಲ್ಲಿ ಕಂಡುಬಂದದ್ದು 1963ರಲ್ಲಿ ವರದಿಯಾಯಿತು. ಹೊರದೇಶದಿಂದ ಬಂದ ಟ್ಯಾಮರಿಸ್ಕ್ ಕೂಡ ಗಟ್ಟಿ ಜೀವ. ಅಂತರ್ಜಲ ಇಳಿದರೆ ಮೇಲ್ಮಣ್ಣಿನ ತೇವದಲ್ಲೂ ದಿನ ತಳ್ಳುತ್ತದೆ, ಉಪ್ಪುನೀರು ಕುಡಿದು ಉಪ್ಪನ್ನು ಎಲೆಯಿಂದ ಹೊರಹಾಕುತ್ತದೆ. ಹಾಗಾಗಿಯೇ ಹೊಳೆ ಬತ್ತಿದ ಕಡೆ ಕಾಟನ್‌ವುಡ್ ಜಾಗವನ್ನು ಅದು ಆಕ್ರಮಿಸುತ್ತದೆ.

ದೊಡ್ಡ ಮರ ಹೇಗೋ ಉಳಿಯಬಹುದು, ಸಸಿಗಳ ಗತಿಯೇನು? ಕಾಟನ್‌ವುಡ್ ಬೀಜ ಹತ್ತಿಯಂತೆ ವಸಂತದಲ್ಲಿ ಹಾರುತ್ತದೆ, ಅದರ ಆಯಸ್ಸು ಕೆಲವೇ ವಾರ. ಅಷ್ಟರೊಳಗೆ ಪ್ರವಾಹ ಬಿಟ್ಟುಹೋದ ಒದ್ದೆ ಮಣ್ಣು ಸಿಗಬೇಕು. ಆಮೇಲೆ ಇಳಿಯುವ ನೀರನ್ನು ಬೇರು ಹಿಂಬಾಲಿಸಬೇಕು. ದಿನಕ್ಕೆ ಸುಮಾರು 2.5 ಸೆಂ.ಮೀ.ಗಿಂತ ಬೇಗ ನೀರು ಇಳಿದರೆ ಸಸಿ ಉಳಿಯುವುದು ಕಷ್ಟ. ಅಣೆಕಟ್ಟು ಕಟ್ಟಿ ಪ್ರವಾಹವನ್ನೇ ನಿಲ್ಲಿಸಿದ ಕಡೆ ಮುದಿಮರಗಳು ಮಾತ್ರ ಉಳಿದು, ಎಳೆಯವು ಕಾಣದಿರುವುದು ಇದಕ್ಕೇ.

ಸ್ಯಾನ್ ಪೆಡ್ರೊಗೆ ದೊಡ್ಡ ಅಣೆಕಟ್ಟಿಲ್ಲ. 1988ರಲ್ಲಿ ಅಮೆರಿಕದ ಸಂಸತ್ತು ಅದರ ಸುಮಾರು 64 ಕಿ.ಮೀ. ದಂಡೆಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಆದರೆ ಬೇಲಿ ಹಾಕಿದರೆ ಅಂತರ್ಜಲ ನಿಲ್ಲುವುದಿಲ್ಲವಲ್ಲ? ಸುತ್ತಲಿನ ಊರುಗಳ ಬೋರ್‌ವೆಲ್‌ಗಳು ಅದೇ ನೀರನ್ನು ಎಳೆಯುತ್ತವೆ. ಬರವೂ ಸೇರಿ 2005ರ ಜುಲೈನಲ್ಲಿ ಚಾರ್ಲ್ಸ್‌ಟನ್ ಬಳಿಯ ಮಾಪನ ಕೇಂದ್ರದಲ್ಲಿ ಮೊದಲ ಬಾರಿಗೆ ನದಿಯ ಹರಿವು ಸೊನ್ನೆಗಿಳಿಯಿತು.

ನೀರು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2014ರ ಮಾರ್ಚ್‌ನಿಂದ ಮೇವರೆಗೆ, ಅಮೆರಿಕ–ಮೆಕ್ಸಿಕೊ ಒಪ್ಪಂದದಂತೆ, ಒಣಗಿದ್ದ ಕೊಲೊರಾಡೊ ನದೀಮುಖದ ಕಡೆಗೆ ಸುಮಾರು 13 ಕೋಟಿ ಘನ ಮೀಟರ್ ನೀರು ಬಿಡಲಾಯಿತು. ಅಂತರ್ಜಲ ಏರಿತು, ದಂಡೆ ಹಸಿರಾಯಿತು, ಹದಮಾಡಿದ ಜಾಗಗಳಲ್ಲಿ ಕಾಟನ್‌ವುಡ್, ವಿಲ್ಲೋ ಮೊಳೆತವು. ಮುಂದಿನ ವರ್ಷಗಳಲ್ಲಿ ಹಸಿರು ಮತ್ತೆ ಇಳಿಮುಖವಾಯಿತು. ಒಂದು ಹೊತ್ತಿನ ಊಟ ವರ್ಷಕ್ಕೆ ಸಾಲುತ್ತದೆಯೇ?

ಇದನ್ನೆಲ್ಲ ಕೇಳಿದ ಅಮ್ಮ, "ನಮ್ಮೂರಲ್ಲೂ ಅಷ್ಟೇ ಅಲ್ವೇನೋ, ಬೋರು ಬಂದ ಮೇಲೆ ಬಾವಿ ಬತ್ತಿತು, ಆಮೇಲೆ ಬಾವಿ ಪಕ್ಕದ ಮರವೂ ಹೋಯಿತು" ಅಂದರು. ನನ್ನಲ್ಲಿ ಉತ್ತರವಿರಲಿಲ್ಲ. ಫೀನಿಕ್ಸ್‌ನ ನಮ್ಮ ನಲ್ಲಿಗಳಲ್ಲಿ ಬರುವುದು ಬಹುಪಾಲು ಸಾಲ್ಟ್, ವರ್ಡಿ, ಕೊಲೊರಾಡೊ ನದಿಗಳ ನೀರು. ಅದಕ್ಕಾಗಿಯೇ ಊರೊಳಗಿನ ಸಾಲ್ಟ್ ನದಿಯ ಪಾತ್ರ ಹೆಚ್ಚಿನ ದಿನ ಒಣಗಿರುತ್ತದೆ. ಆ ಪ್ರವಾಸದ ನಂತರ ನಮ್ಮ ಅಂಗಳದ ಹುಲ್ಲು ತೆಗೆಸಿ, ಇಲ್ಲಿಯದೇ ಗಿಡಗಳನ್ನು ನೆಟ್ಟಿದ್ದೇವೆ. ದೊಡ್ಡ ಸಾಧನೆಯೇನಲ್ಲ.

ನೀವೂ ಒಮ್ಮೆ ಹೋಗಿ ಬನ್ನಿ. ನವೆಂಬರಿನಲ್ಲಿ, ನಮ್ಮ ರಾಜ್ಯೋತ್ಸವದ ಹೊತ್ತಿಗೆ, ಕಾಟನ್‌ವುಡ್ ಎಲೆಗಳೆಲ್ಲ ಹಳದಿಯಾಗಿರುತ್ತವೆ. ಮಕ್ಕಳನ್ನು ಕರೆದೊಯ್ಯಿರಿ, ಕುಡಿಯುವ ನೀರು ಒಯ್ಯಲು ಮರೆಯಬೇಡಿ.