ಚಾವಿ ತೆಗೆದರೂ ತಿರುಗುವ ಫ್ಯಾನು

ಪ್ರಶ್ನೆ: ಬೇಸಿಗೆಯಲ್ಲಿ ವಿಜಯಪುರದಿಂದ ಬಸವನ ಬಾಗೇವಾಡಿಗೆ ಬಂದು ಕಾರು ನಿಲ್ಲಿಸಿ ಚಾವಿ ತೆಗೆದರೂ ಬಾನೆಟ್ಟಿನೊಳಗೆ ಫ್ಯಾನು ತಿರುಗುತ್ತಲೇ ಇರುತ್ತದೆ. ಇದು ದೋಷವೇ?

ಉತ್ತರ: ಸಾಮಾನ್ಯವಾಗಿ ಅಲ್ಲ. ಒಲೆ ಆರಿಸಿದ ಮೇಲೂ ಹಂಚಿನ ಕಾವಿಗೆ ಕೊನೆಯ ರೊಟ್ಟಿ ಬೇಯುವುದನ್ನು ನೀವು ಕಂಡಿದ್ದೀರಿ. ಎಂಜಿನ್ನಿನದೂ ಅದೇ ಕಥೆ. ಓಡುವಾಗ ಪಂಪು ತಂಪು ಮಾಡುವ ನೀರನ್ನು, ಅಂದರೆ ಕೂಲೆಂಟನ್ನು, ಎಂಜಿನ್ನಿನಿಂದ ರೇಡಿಯೇಟರಿಗೆ ಸುತ್ತಿಸುತ್ತಿರುತ್ತದೆ, ಎದುರುಗಾಳಿಯೂ ಬಡಿಯುತ್ತದೆ. ನಿಲ್ಲಿಸಿದೊಡನೆ ಎರಡೂ ನಿಂತವು. ಆದರೆ ಲೋಹದಲ್ಲಿ ಕುಳಿತ ಕಾವು ನಿಂತ ನೀರಿಗಿಳಿದು, ಅದರ ಶಾಖ ಕೆಲವು ನಿಮಿಷ ಏರುತ್ತದೆ. 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಕಾವು ಆರುವುದೂ ನಿಧಾನ. ಹಲವು ಕಾರುಗಳಲ್ಲಿ ಸೆನ್ಸರ್ ಈ ಏರಿದ ಶಾಖವನ್ನು ಗಮನಿಸಿ, ಬ್ಯಾಟರಿಯಿಂದಲೇ ಫ್ಯಾನು ಓಡಿಸುತ್ತದೆ. ಕೆಲವು ನಿಮಿಷಕ್ಕೆ ಬ್ಯಾಟರಿ ಇಳಿಯುವುದಿಲ್ಲ.

ಎಂಜಿನ್ ಆರಿದ ಮೇಲೂ ಬಿಡದೆ ಬಹಳ ಹೊತ್ತು ತಿರುಗಿದರೆ ಫ್ಯಾನಿನ ಸ್ವಿಚ್ಚಾದ ರಿಲೇ ಅಂಟಿಕೊಂಡಿರಬಹುದು, ಸೆನ್ಸರ್ ಕೆಟ್ಟಿರಬಹುದು, ಮೆಕ್ಯಾನಿಕ್ಕಿಗೆ ತೋರಿಸಿ. ಕೂಲೆಂಟ್ ಮಟ್ಟ ನೋಡುವುದಾದರೆ ಎಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಒತ್ತಡದಲ್ಲಿದ್ದ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ನಿಂತ ಫ್ಯಾನಿನ ಹತ್ತಿರವೂ ಕೈ ಒಯ್ಯಬೇಡಿ, ಅದು ಸುಳಿವು ಕೊಡದೆ ತಿರುಗೀತು.